ಓ ಅನಬಾರದ ಕೋಣೆ

ನಾನು ಕಟ್ಟಿದ ನರಕವನ್ನು ನಮ್ಮವ್ವ ನೋಡಿದ ಕೂಡಲೇ ಗುರುತು ಹಿಡಿದಳು. ಅದಾಗಿ ಇಷ್ಟು ದಿನವಾದರೂ ನನ್ನ ಎದೆ ಹದಕ್ಕೆ ಬಂದಿಲ್ಲ. ಬರೆದರೆ ಬಂದೀತೇನೋ ಎಂದು ಕೂತಿದ್ದೇನೆ.

ನರಕ ಎಂದರೆ ಆಟದ ನರಕ. ಹುಮನಾಬಾದಿನ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಮೇಜಿನ ಸುತ್ತ ಕೂತು ಆಡುವ ಆಟ ಅದು. ಒಬ್ಬರು ಕತೆ ನಡೆಸಬೇಕು. ಉಳಿದವರು ಕತ್ತಿ ಹಿಡಿದವನೋ, ಮಂತ್ರಗಾತಿಯೋ, ಕಳ್ಳನೋ ಆಗಿ ಆ ಕತೆಯೊಳಗೆ ಹೊಕ್ಕು ಗುಹೆ, ಸುರಂಗ, ನೆಲಮಾಳಿಗೆಗಳಲ್ಲಿ ಅಲೆಯಬೇಕು. ಬಾಗಿಲು ತೆರೆಯಿತೋ ಇಲ್ಲವೋ, ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಮಿಕ್ಕದ್ದೆಲ್ಲ ಕತೆ ನಡೆಸುವವರು ಬರೆದು ತಂದ ನಕ್ಷೆ ಮತ್ತು ಅವರ ಬಾಯಿ. ಬಾಯಿ ನನ್ನದು ಮೊದಲಿಂದಲೂ ಜೋರು, ಹಾಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಏನು ಮಾಡಲು ಹೊರಟರೂ ನನ್ನ ಮಂಜೂರಿ ಬೇಕಾಗುತ್ತದೆಂದು ಅವರೆಲ್ಲ ನನ್ನನ್ನು ‘ತಹಶೀಲ್ದಾರ್ರು’ ಎನ್ನುತ್ತಾರೆ.

ಆಡುವವರು ಮೂವರು. ಬಸವಕಲ್ಯಾಣದಲ್ಲಿ ಗಣಿತ ಕಲಿಸುವ ಮಾಸ್ತರರು, ಅಲ್ಲಿಯೇ ಝೆರಾಕ್ಸ್ ಅಂಗಡಿ ನಡೆಸುವ ಅವರ ಹೆಂಡತಿ, ಮತ್ತೆ ನನ್ನದೇ ಔಷಧಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಒಬ್ಬ ಸಹೋದ್ಯೋಗಿ. ನಾನು ಅದೇ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ದಿನವಿಡೀ ಗಾಜಿನ ಬಾಟಲಿ ಅಲ್ಲಾಡಿಸಿ, ಅಳೆದು, ಬರೆದು, ಸಹಿ ಹಾಕಿ ಬರುವವಳಿಗೆ ವಾರಕ್ಕೊಮ್ಮೆ ರಾಕ್ಷಸರ ಸಹವಾಸ ಬೇಕೇ ಬೇಕು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ಹೋಗಿ ಕೆಲವು ವರ್ಷಗಳಾದವು. ನಾವು ಆಡುವಾಗ ಅವ್ವ ಚಹಾ ಮಾಡಿಕೊಡುತ್ತಾಳೆ, ಭಜಿ ಕರಿಯುತ್ತಾಳೆ, ದಾಳಗಳನ್ನು ನೋಡಿ “ಇವೇನ್ ಕವಡಿನೋ ಏನ್ ಔಷಧ ಗುಳಿಗಿನೋ” ಎಂದು ಗೊಣಗಿ ಒಳಗೆ ಹೋಗುತ್ತಾಳೆ.

ಅವ್ವನ ಒಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. ಅವಳು ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಬೇಕಾದರೆ ಹತ್ತಿರ ಬಂದು ಭುಜ ಮುಟ್ಟುತ್ತಾಳೆ. ಮಾಳಿಗೆಯ ಮೇಲಿದ್ದರೆ ಚಪ್ಪಾಳೆ ತಟ್ಟುತ್ತಾಳೆ. ಊಟಕ್ಕೆ, ಚಹಾಕ್ಕೆ ಕರೆಯಬೇಕಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೌಟಿನಿಂದ ತಾಟು ಬಡಿಯುತ್ತಾಳೆ. ನಮ್ಮ ಮನೆಯಲ್ಲಿ ಸಾಲಿ ಗಂಟೆ ಹೊಡೆಯುತ್ತದೆ ಎಂದು ನಾನೇ ಎಷ್ಟೋ ಜನರ ಮುಂದೆ ಹಾಸ್ಯ ಮಾಡಿದ್ದೇನೆ. ಒಬ್ಬೊಬ್ಬರದು ಒಂದೊಂದು ರೂಢಿ, ಇವಳದು ಇದು ಎಂದುಕೊಂಡು ಸುಮ್ಮನಿದ್ದೆ.

ಒಂದು ಭಾನುವಾರ ಆಟ ಮುಗಿಸಿ ಏಳುವಾಗ ಮಾಸ್ತರರು ಹೊಸ ಬೇಡಿಕೆ ಇಟ್ಟರು. “ಮುಂದಿನ ಸಲ ನಮ್ಮನ್ನ ನರಕಕ್ಕ ಕರ್ಕೊಂಡು ಹೋಗ್ರಿ ತಹಶೀಲ್ದಾರ್ರೇ. ಆದ್ರ ಖರೇ ನರಕ ಇರ್ಬೇಕು ನೋಡ್ರಿ, ಮಜಾಕ್ ನಡ್ಯಾಂಗಿಲ್ಲ.”

“ಹೋದಮ್ಯಾಲ ಅವ್ವಾ ಅಪ್ಪಾ ಅನಬಾರ್ದು ಮತ್ತ” ಎಂದೆ.

ಕೆಲಸ ಶುರು ಮಾಡಿದ ಮೇಲೆ ಗೊತ್ತಾಯಿತು, ನರಕ ಕಟ್ಟುವುದು ಸುಲಭವಲ್ಲ. ಮೊದಲು ಎಲ್ಲರಂತೆ ನಾನೂ ಬೆಂಕಿಗೆ ಕೈ ಹಾಕಿದೆ. ಕುದಿಯುವ ಎಣ್ಣೆಯ ಕೊಪ್ಪರಿಗೆ, ಕಾದ ಕಬ್ಬಿಣದ ಕಂಬ, ಕೋಣದ ಮೇಲೆ ಕೂತ ಯಮ, ಲೆಕ್ಕ ಒಪ್ಪಿಸುವ ಅವನ ಗುಮಾಸ್ತ. ಬರೆದು ನೋಡಿದರೆ ನನಗೇ ಆಕಳಿಕೆ ಬಂತು. ನಮ್ಮ ಕಡೆಯ ಬೇಸಿಗೆ ಉಂಡವರನ್ನು ಬೆಂಕಿ ತೋರಿಸಿ ಹೆದರಿಸಲು ಆಗುತ್ತದೆಯೇ? ಬಾಯ್ಲರ್ ಮುಂದೆ ನಿಲ್ಲುವ ನನ್ನ ಸಹೋದ್ಯೋಗಿಯಂತೂ ನಿಮ್ಮ ನರಕದಲ್ಲಿ ಫ್ಯಾನಾದರೂ ಇದೆಯಲ್ಲ ಎಂದಾನು. ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ.

ಹೊಳಹು ಸಿಕ್ಕೀತು ಎಂದು ಬಸವಕಲ್ಯಾಣಕ್ಕೆ ಹೋಗಿ ಕೋಟೆ ಸುತ್ತಿದೆ. ಮಾಸ್ತರರ ಹೆಂಡತಿ ಜೊತೆಗೆ ಬಂದಿದ್ದರು. ಕಲ್ಲಿನ ಬಾಗಿಲುಗಳೇನೋ ಗಂಭೀರವಾಗಿದ್ದವು, ಆದರೆ ಕತ್ತಲಿರುವ ಒಂದೊಂದು ಮೂಲೆಯಲ್ಲೂ ಯಾರೋ ಮೊಬೈಲ್ ಎತ್ತಿ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬಾವಲಿಗಳೇ ಬೇಸತ್ತು ಹೊರಗೆ ಹೋಗಿದ್ದವು. ಸಿಟ್ಟಿನಿಂದ ಬಸ್ಸು ಹತ್ತಿ ವಾಪಸು ಬರುವಾಗ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾಗ ಕೊನೆಯ ಕೋಣೆ ತನ್ನಷ್ಟಕ್ಕೆ ತಾನೇ ಬಂತು. ಬರೀ ಬಂತು ಎಂದರೆ ಸಾಲದು, ಅಳತೆ ಸಮೇತ ಬಂತು. ಮನೆ ಮುಟ್ಟಿದ್ದೇ ಚಪ್ಪಲಿಯನ್ನೂ ಬಿಡದೆ ಕೂತು ಬರೆದೆ.

ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬೆಂಕಿಯಿಲ್ಲ, ತಂಪು. ಗೋಡೆ ಮುಟ್ಟಿದರೆ ಕೈಗೆ ಒಣಹುಲ್ಲು ಹತ್ತುತ್ತದೆ. ಹುಳಿ ಹುಳಿ ವಾಸನೆ. ಕಾಲ ಕೆಳಗಿನದು ಗಟ್ಟಿ ನೆಲವಲ್ಲ, ಹೆಜ್ಜೆ ಇಟ್ಟಲ್ಲಿ ಜಾರುತ್ತದೆ. ತಲೆಯ ಮೇಲೆ, ಎಟುಕದಷ್ಟು ಎತ್ತರದಲ್ಲಿ, ರೊಟ್ಟಿಯಗಲದ ಬೆಳಕು. ಆ ಬೆಳಕಿನ ಅಂಚಿನ ಒಂದು ಕಲ್ಲು ಒಡೆದಿದೆ. ಇದಕ್ಕೆ ‘ಮೌನಕೂಪ’ ಎಂದು ದೊಡ್ಡ ಹೆಸರಿಟ್ಟೆ.

ಕೋಣೆಗೆ ಮೂರು ನಿಯಮ ಮಾಡಿದೆ. ಒಂದು, ಇಬ್ಬರು ಇಳಿದರೆ ಹಗ್ಗ ಒಬ್ಬರನ್ನೇ ಮೇಲಕ್ಕೆ ತರುತ್ತದೆ. ಎರಡು, ಮೇಲಿನಿಂದ ಒಂದು ದನಿ ಹೆಸರು ಹಿಡಿದು ಕರೆಯುತ್ತಲೇ ಇರುತ್ತದೆ. ಮೂರು, ಆ ದನಿಗೆ ಓ ಅನ್ನಬಾರದು, ಅಂದವರ ಉಸಿರು, ಆಟದಲ್ಲಿ ಜೀವದ ಲೆಕ್ಕ ಅದು, ಅರ್ಧಕ್ಕೆ ಇಳಿಯುತ್ತದೆ. ಮೂರನೆಯದನ್ನು ನಮ್ಮ ಅಜ್ಜಿಯ ಮಾತಿನಿಂದ ತೆಗೆದುಕೊಂಡಿದ್ದೆ. ಹೊತ್ತು ಮುಳುಗಿದ ಮೇಲೆ ಯಾರಾದರೂ ಕರೆದರೆ ಮೊದಲ ಕೂಗಿಗೆ ಓ ಅನ್ನಬೇಡ, ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ, ದೆವ್ವ ಒಂದೇ ಸಲ ಕರೆಯುವುದು ಎನ್ನುತ್ತಿದ್ದಳು. ನಾನು ಅದರ ಮೇಲೆ ಒಂದು ಕೈ ಹೆಚ್ಚು ಹೋಗಿ, ಕರೆಯುವುದನ್ನು ನಿಲ್ಲಿಸದ ದೆವ್ವವನ್ನು ಮಾಡಿದೆ. ಇಂಥ ಕಲ್ಪನೆ ಎಲ್ಲಿಂದ ಬರುತ್ತದೆ ನನಗೆ ಎಂದು ಬೆನ್ನು ತಟ್ಟಿಕೊಂಡೆ. ಬೀಗಿದ್ದೆ ಎಂದರೂ ಸರಿಯೇ.

ಮುಂದಿನ ಭಾನುವಾರ ಮೂವರೂ ನರಕದ ಮೇಲಿನ ಅಂತಸ್ತುಗಳನ್ನು ದಾಟಿ, ಗಾಯ ಮಾಡಿಕೊಂಡು, ಕೂಪದ ಬಾಯಿಯ ತನಕ ಬಂದು ನಿಂತರು. ಅಷ್ಟರಲ್ಲಿ ಕಲ್ಯಾಣದ ಬಸ್ಸಿನ ಹೊತ್ತಾಯಿತು. ಕೊನೆಯ ಕೋಣೆ ಅದರ ಮುಂದಿನ ವಾರಕ್ಕೆ ಉಳಿಯಿತು.

ಆ ನಡುವಿನ ಶನಿವಾರ ನನಗೆ ರಜೆ. ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಲು ಪಡಸಾಲೆಯಲ್ಲಿ ಹಾಸಿಕೊಂಡು ಕೂತಿದ್ದೆ. ಅವ್ವ ಪಕ್ಕದಲ್ಲಿ ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಹರಳು ಆರಿಸುತ್ತಾ ಆರಿಸುತ್ತಾ ಅವಳ ಕೈ ನಿಂತಿತು.

“ಏನ್ ತಗ್ಯಾಕತ್ತೀ ಅದು?”

“ನರಕ ಅವ್ವಾ. ಆಟದ್ದು.”

“ನರಕ ಎಲ್ಲಿದು. ನಮ್ಮ ಹಗೇವು ಅದ ಅದು. ದುಬಲಗುಂಡಿ ಮನೀದು.”

ಹಗೇವು ಎಂಬ ಮಾತನ್ನು ಕೇಳಿ ಗೊತ್ತಿತ್ತು. ಹಿಂದೆ ಜೋಳ ಕೆಡದಂತೆ ಇಡಲು ಮನೆಯ ಮುಂದೆಯೋ ಹಿತ್ತಲಲ್ಲೋ ನೆಲದೊಳಗೆ ತೋಡುತ್ತಿದ್ದ ಕುಳಿ. ಒಳಗೆಲ್ಲ ಹುಲ್ಲು ಹೊದಿಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ದುಬಲಗುಂಡಿ ನಮ್ಮಪ್ಪನ ಊರು. ನಾನು ತೀರ ಸಣ್ಣವಳಿದ್ದಾಗಲೇ ಆ ಮನೆ ಮಾರಿ ಹುಮನಾಬಾದಿಗೆ ಬಂದವರು ನಾವು. ಹಗೇವನ್ನು ನಾನು ಕಣ್ಣಿನಿಂದ ಕಂಡವಳೇ ಅಲ್ಲ, ಹಾಗೆಂದು ನಕ್ಕುಬಿಟ್ಟೆ.

ಅವ್ವ ನಗಲಿಲ್ಲ. ಹಾಳೆಯ ಮೇಲೆ ಬಾಗಿ, ಬೆಳಕಿನ ಅಂಚಿನಲ್ಲಿ ನಾನು ಬರೆದಿದ್ದ ಒಡೆದ ಕಲ್ಲಿನ ಮೇಲೆ ಬೆರಳಿಟ್ಟಳು.

“ಈ ಕಲ್ಲು ಒಡದದ್ದು ನಿಂಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಚಂದ ಕಾಣ್ತದಂತ ನಾನೇ ತಗದೇನಿ.”

“ನಿಮ್ಮಜ್ಜ ಹಾರಿ ಹಾಕಿ ಎಬ್ಬಸೂ ಮುಂದ ಒಡದದ್ದು ಅದು. ನಾ ಲಗ್ನ ಆಗಿ ಬಂದ ವರ್ಷ.” ಅವಳ ದನಿ ಬದಲಾಗಿತ್ತು. “ಏನ್ ಬರ್ದೀ ಎಲ್ಲಾ ಓದು.”

ಓದಿದೆ. ತಂಪು, ಹುಲ್ಲು, ಹುಳಿ ವಾಸನೆ, ಜಾರುವ ನೆಲ. ಅವ್ವ ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದಳು. ಇಬ್ಬರು ಇಳಿದರೆ ಹಗ್ಗ ಒಬ್ಬರನ್ನೇ ಮೇಲಕ್ಕೆ ತರುತ್ತದೆ ಎಂದು ಓದಿದಾಗ ಅವಳ ತೊಡೆಯ ಮೇಲಿನ ಮೊರ ವಾಲಿ ಜೋಳವೆಲ್ಲ ನೆಲಕ್ಕೆ ಸುರಿಯಿತು. ಅವಳು ಅದನ್ನು ಬಳಿದುಕೊಳ್ಳಲೂ ಇಲ್ಲ. “ಸಾಕು” ಎಂದಳು. ನನಗೆ ಗಾಬರಿಯಾಯಿತು. ನೀರು ತರಲೇ ಎಂದರೆ ಬೇಡ ಎಂದು ಕೈ ಹಿಡಿದು ಕೂರಿಸಿಕೊಂಡಳು.

ಆಮೇಲೆ ಹೇಳಿದಳು. ನಾನು ಇಲ್ಲಿಯವರೆಗೆ ಬದುಕಿದ್ದು ಯಾರ ಲೆಕ್ಕದಲ್ಲಿ ಎಂಬುದು ಆ ಮಧ್ಯಾಹ್ನ ಗೊತ್ತಾಯಿತು.

ಹಗೇವು ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಮುಚ್ಚಿಟ್ಟ ಕಾಳಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ಸರಿಸಿ ಒಂದು ದಿನ ಬಿಟ್ಟು, ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡಬೇಕು. ಕಂದೀಲು ಆರಿದರೆ ಮನುಷ್ಯ ಇಳಿಯಬಾರದು. ಊರಿನ ಮಕ್ಕಳಿಗೂ ಗೊತ್ತಿದ್ದ ರಿವಾಜು ಇದು. ಆ ದಿನ ಮುಂಜಾನೆ ಅಜ್ಜ ಮತ್ತು ಅಪ್ಪ ಕಲ್ಲು ತೆಗೆದು, ಬಾಯಿಗೆ ಬುಟ್ಟಿ ಬೋರಲು ಹಾಕಿ, ನಾಳೆ ಇಳಿದರಾಯಿತು ಎಂದು ಹುಮನಾಬಾದ್ ಸಂತೆಗೆ ಹೋಗಿದ್ದರು. ಬುಟ್ಟಿಯನ್ನು ನಾನು ಸರಿಸಿದೆನೋ ಕೋಳಿ ಸರಿಸಿತೋ ಅವ್ವನಿಗೂ ಗೊತ್ತಿಲ್ಲ. ಇನ್ನೂ ಸರಿಯಾಗಿ ಮಾತು ಬಾರದ ನಾನು ಒಳಗೆ ಬಿದ್ದಿದ್ದೆ.

ಆಗ ಮನೆಯಲ್ಲಿ ಇದ್ದವರು ಅವ್ವ ಮತ್ತು ಅವಳನ್ನು ವೈನಿ ಎನ್ನುತ್ತಿದ್ದ ಅಪ್ಪನ ತಂಗಿ, ನನ್ನ ಅತ್ತಿ. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋದಲ್ಲಿ ಮಾತ್ರ ನಾನು ಕಂಡ ಅತ್ತಿ. ಎರಡು ಜಡೆ, ನಗು ತಡೆದುಕೊಂಡ ಬಾಯಿ. ಕಾಮಣಿ, ಅಂದರೆ ಕಾಮಾಲೆ, ಆಗಿ ಹೋದಳು ಎಂದೇ ನನಗೆ ಹೇಳುತ್ತಾ ಬಂದಿದ್ದರು. ಪ್ರತಿವರ್ಷ ಅವಳ ಹೆಸರಿನಲ್ಲಿ ಅಡುಗೆ ಮಾಡಿ ಎಡೆ ಇಡುವಾಗ ನಾನು ಕಾಮಣಿಗೆ ಆಗ ಔಷಧಿ ಇರಲಿಲ್ಲವೇ ಎಂದು ಲ್ಯಾಬಿನವಳ ಜಾಣತನ ತೋರಿಸುತ್ತಿದ್ದೆ. ಅವ್ವ ಎಡೆಗೆ ಇನ್ನೊಂದು ರೊಟ್ಟಿ ಇಡುತ್ತಿದ್ದಳು.

“ಆಕಿ ರೊಟ್ಟಿ ಬಡ್ಯಾಕತ್ತಿದ್ಲು” ಎಂದಳು ಅವ್ವ. “ನೀ ಚೀರಿದ್ದು ಕೇಳಿ ಹಿಟ್ಟಿನ ಕೈಲೆ ಓಡಿ ಬಂದ್ಲು. ಕಂದೀಲ ಇಳಸಾಕ ಪುರಸೊತ್ತು ಎಲ್ಲಿತ್ತು? ಬಾವಿ ಹಗ್ಗ ಸೊಂಟಕ್ಕ ಕಟಗೊಂಡ್ಲು, ನೀವು ಹಿಡೀರಿ ವೈನಿ ಅಂದ್ಲು, ಇಳದ್ಲು. ಒಳಗ ಹೋಗಿ ತನ್ನ ಹಗ್ಗ ಬಿಚ್ಚಿ ನಿಂಗ ಕಟ್ಟಿದ್ಲು. ಎಳೀರಿ ವೈನಿ ಅಂದ್ಲು. ಎಳದೆ. ನಿನ್ನ ಅಂಗಿ ಮ್ಯಾಲ ಆಕಿ ಹಿಟ್ಟಿನ ಕೈ ಮೂಡಿತ್ತು.”

ಮತ್ತೆ ಹಗ್ಗ ಬಿಟ್ಟಳಂತೆ. ಹಗ್ಗ ಯಾರೂ ಹಿಡಿಯದೆ ಹಾಗೆಯೇ ತೂಗಾಡಿತು. ಕಲ್ಲಿನ ಮೇಲೆ ಬೋರಲು ಬಿದ್ದು ಅತ್ತಿಯ ಹೆಸರು ಹಿಡಿದು ಕರೆದಳು. ಓಣಿಯ ಜನ ಕೂಡಿ, ಯಾರೋ ಬಂದು ಅವಳನ್ನು ರಟ್ಟೆ ಹಿಡಿದು ಎಬ್ಬಿಸುವ ತನಕ ಕರೆದಳು. ಒಳಗಿಂದ ಓ ಅನ್ನುವ ದನಿ ಬರಲಿಲ್ಲ. ಸಂತೆಯಿಂದ ಬಂದ ಅಪ್ಪ ಅತ್ತಿಯನ್ನು ಮಣ್ಣು ಮಾಡಿ, ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹಗೇವಿಗೆ ಕಲ್ಲು ಮಣ್ಣು ತುಂಬಿಸಿದ, ನನಗೆ ಈ ಸುದ್ದಿ ಯಾರೂ ಹೇಳಕೂಡದೆಂದು ಮನೆಯವರಿಂದ ಭಾಷೆ ತೆಗೆದುಕೊಂಡ. ಗೊತ್ತಾದರೆ ಈ ಕೂಸಿಗೆ ಉಂಡ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದನಂತೆ. ಅಪ್ಪ ಹೇಳಿದ್ದು ಖರೆ. ಆ ರಾತ್ರಿ ನನಗೆ ಇಳಿಯಲಿಲ್ಲ.

ಅಷ್ಟು ಚಿಕ್ಕ ಕೂಸಿಗೆ ನೆನಪು ನಿಲ್ಲುವುದಿಲ್ಲ ಎಂದು ಓದಿ ತಿಳಿದವಳು ನಾನು. ಹಾಗಾದರೆ ಈ ಹುಲ್ಲು, ಈ ಹುಳಿ ವಾಸನೆ, ಈ ಒಡೆದ ಕಲ್ಲು? ನನ್ನ ಕಲ್ಪನೆ ಎಂದು ಬೀಗಿದ್ದರಲ್ಲಿ ನನ್ನದೆನ್ನುವುದು ಒಂದು ಗೆರೆಯೂ ಇರಲಿಲ್ಲ. ಬೆನ್ನ ಮೇಲೆ ಯಾರೋ ಹಿಟ್ಟಿನ ಕೈ ಇಟ್ಟಂತಾಗಿ ಎದ್ದು ನಿಂತೆ, ಮತ್ತೆ ಕೂತೆ.

ಅವ್ವ ನನ್ನ ಮುಖ ನೋಡುತ್ತಿದ್ದಳು.

“ಒಂದ್ ಕೇಳ್ತೀನಿ, ಖರೇ ಹೇಳು. ನೀ ಒಳಗಿದ್ದಿ. ಮ್ಯಾಲ ಕರದ್ರ ಒಳಗ ಕೇಳ್ತದೇನು?”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಆಕಿ ಏನ್ ತಿಳ್ಕೊಂಡ್ಲೋ” ಎಂದಳು. “ವೈನಿ ತನ್ನ ಕೂಸಿನ್ನ ತಗೊಂಡ್ಲು, ನನ್ನ ಬಿಟ್ಟು ಹೋದ್ಲು ಅಂತ ತಿಳ್ಕೊಂಡೇ ಸತ್ಲೋ ಏನೋ. ನಾ ಕರ್ಯಾಕತ್ತಿದ್ದೆ. ಅದು ಆಕಿಗಿ ಕೇಳ್ಸಿತೋ ಇಲ್ಲೋ. ಅದೊಂದೇ ನಂಗ ಇಷ್ಟು ವರ್ಷ.”

ತಾಟು, ಚಪ್ಪಾಳೆ, ಭುಜ ಮುಟ್ಟುವ ಕೈ, ಎಲ್ಲವೂ ಒಂದೇ ಸಲ ನನ್ನ ಮೈಮೇಲೆ ಬಂದು ಬಿದ್ದವು. ಅವಳು ಕೊನೆಯದಾಗಿ ಹೆಸರು ಹಿಡಿದು ಕೂಗಿದ್ದು ಅವತ್ತು. ನಾನು ಅದರ ಮೇಲೆ ಹಾಸ್ಯ ಕಟ್ಟಿ ಊರಿಗೆಲ್ಲ ಹಂಚಿದ್ದೆ.

ನನಗೆ ನೆನಪಿಲ್ಲ ಎನ್ನುವುದು ಸತ್ಯ. ಕೇಳಿತ್ತು ಅವ್ವಾ ಎಂದುಬಿಡುವುದು ಸುಲಭ, ಆದರೆ ಅವಳು ಸುಳ್ಳನ್ನು ಮೂಸಿ ಹಿಡಿಯುವವಳು. ಕೆಳಗೆ ನೋಡಿದೆ. ನಕ್ಷೆ ಅಲ್ಲೇ ಇತ್ತು. ಅವಳು ಸಾಕು ಎಂದಾಗ ನಾನು ಓದದೆ ಬಿಟ್ಟ ಸಾಲುಗಳು ಜೋಳದ ಕಾಳುಗಳ ನಡುವೆ ಕಾಣುತ್ತಿದ್ದವು. ಕಾಳು ಸರಿಸಿ ಓದಿದೆ.

“ಮೇಲಿನ ದನಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಕೆಳಗೆ ಯಾವ ಮೂಲೆಯಲ್ಲಿ ಬಿದ್ದಿದ್ದರೂ ಕೇಳುತ್ತದೆ. ಕಣ್ಣಿಗೆ ಬೆಳಕು ಹೋದಮೇಲೂ ಕೇಳುತ್ತದೆ. ಎಲ್ಲಕ್ಕಿಂತ ಕೊನೆಗೆ ಉಳಿಯುವುದು ಆ ದನಿ.”

ಇದನ್ನು ನಾನು ಶಿಕ್ಷೆ ಎಂದು ಬರೆದಿದ್ದೆ. ಆಡುವವರ ಎದೆ ಒಡೆಯಲಿ ಎಂದು ಶಬ್ದ ಹುಡುಕಿ ಹುಡುಕಿ ಬರೆದಿದ್ದೆ. ನನ್ನ ನರಕದ ಕಟ್ಟಕಡೆಯ ದೆವ್ವ ನನ್ನ ಹೆತ್ತವ್ವನ ದನಿಯಾಗಿತ್ತು.

“ಇದು ಯಾವಾಗ ಬರ್ದಿ?”

“ಹ್ವಾದ ವಾರಕ್ಕಿಂತ ಮದಲ. ನೀ ಏನೂ ಹೇಳೂಕಿಂತ ಮದಲ.”

“ಇನ್ನೊಮ್ಮಿ ಓದು.”

ಓದಿದೆ. ಕೆಳಗಿನ ಸಾಲನ್ನು, ಓ ಅಂದವರ ಉಸಿರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು, ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದೆ. ಅವಳಿಗೆ ಈ ಸಣ್ಣ ಅಕ್ಷರ ಕಾಣುವುದಿಲ್ಲ, ಆದರೂ ಮುಚ್ಚಿಕೊಂಡಿದ್ದೆ. ಅವ್ವ ಮೂರನೆಯ ಸಲವೂ ಓದಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನೆಲದ ಮೇಲಿನ ಜೋಳವನ್ನು ಬಳಿದು ಮೊರಕ್ಕೆ ಹಾಕಿಕೊಂಡು, ಮತ್ತೆ ಮೊದಲಿನಿಂದ ಹರಳು ಆರಿಸತೊಡಗಿದಳು.

ನಾಳೆ ಯಾರೂ ಬರುವುದು ಬೇಡ, ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದೆ. “ಯಾಕ?” ಎಂದಳು. “ಬರ್ಲಿ. ಆಡ್ರಿ. ಆಕಿಗಿ ಆಟದ ಹುಚ್ಚು ಭಾಳ ಇತ್ತು.”

ಭಾನುವಾರ ಮೂವರೂ ಬಂದರು. ಅವರಿಗೆ ನಾನು ಏನೂ ಹೇಳಲಿಲ್ಲ. ಕೋಣೆಯನ್ನು ಹಾಗೆಯೇ ಇಟ್ಟು ನಿಯಮಗಳನ್ನು ಮಾತ್ರ ಬದಲಿಸಿದ್ದೆ. ಕೂಪದ ಬಾಯಿಯ ಪಕ್ಕದಲ್ಲಿ ಒಂದು ಕಂದೀಲು ಇಟ್ಟಿದ್ದೆ. ಹಗ್ಗ ಎಷ್ಟು ಸಲ ಬೇಕಾದರೂ ಇಳಿಯುತ್ತದೆ. ಓ ಅಂದವರ ಉಸಿರು ಇಳಿಯುವುದಿಲ್ಲ, ಓ ಅಂದರೆ ಹಗ್ಗ ಅವರಿದ್ದಲ್ಲಿಗೇ ಬರುತ್ತದೆ.

ಕೇಳಿ ಮಾಸ್ತರರು ದಾಳ ಕೆಳಗಿಟ್ಟರು. “ಇದೇನ್ ನರಕರಿ ತಹಶೀಲ್ದಾರ್ರೇ? ಸರಕಾರಿ ಗೆಸ್ಟ್‌ಹೌಸ್ ಆದಂಗ ಆತಲ್ಲ. ರಾಕ್ಷಸ ಎಲ್ಲಿ ಹ್ವಾದ?”

“ನಿಮಗ ಇಳ್ಯಾಕ ಧೈರ್ಯ ಇಲ್ಲಂದ್ರ ಹಾಂಗ ಹೇಳ್ರಿ” ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಅವರು ನನ್ನ ಮುಖ ನೋಡಿ ದಾಳ ಎತ್ತಿಕೊಂಡರು.

ಅವರ ಹೆಂಡತಿಯ ಮಂತ್ರಗಾತಿ ಮತ್ತು ಬಾಯ್ಲರಿನವನ ಕಳ್ಳ ಕಂದೀಲು ಇಳಿಸಿ ನೋಡದೆಯೇ ಕೆಳಗೆ ಇಳಿದರು. ನಾನು ಬೇಡ ಎನ್ನುವಂತಿರಲಿಲ್ಲ, ನಡೆಸುವವರು ಆಡುವವರಿಗೆ ದಾರಿ ತೋರಿಸಬಾರದು. ಒಳಗಿನ ತಂಪು ಹೇಳಿದೆ, ಹುಲ್ಲು ಹೇಳಿದೆ. ಇನ್ನು ಮೇಲಿನಿಂದ ಕರೆಯುವ ದನಿ ನಾನಾಗಬೇಕು. ಅವರ ಪಾತ್ರಗಳ ಹೆಸರು ಬಾಯಿಗೆ ಬಂದವು, ಕೂಗಲು ಆಗಲಿಲ್ಲ. ನೀರು ಕುಡಿದೆ. ಮತ್ತೂ ಆಗಲಿಲ್ಲ. ಮೂವರೂ ದಾಳ ಹಿಡಿದು ನನ್ನನ್ನೇ ನೋಡುತ್ತಿದ್ದರು. ಇದೂ ನಾಟಕದ ಒಂದು ಭಾಗ ಎಂದುಕೊಂಡಿರಬೇಕು.

ಅಡುಗೆಮನೆಯಲ್ಲಿ ಭಜಿಯ ಎಣ್ಣೆಯ ಸದ್ದು ನಿಂತಿತು. ಚಹಾದ ಹೊತ್ತು. ಬಾಯ್ಲರಿನವನು ತಾಟಿನ ಸದ್ದಿಗೆ ಕಾದು ಅರ್ಧ ಎದ್ದಿದ್ದ.

ತಾಟು ಬಡಿಯಲಿಲ್ಲ. ಒಳಗಿನಿಂದ ಅವ್ವ ನನ್ನ ಹೆಸರು ಹಿಡಿದು ಕೂಗಿದಳು. ಬಹಳ ವರ್ಷ ಬಳಸದ ದನಿ, ಮೊದಲ ಅಕ್ಷರದಲ್ಲೇ ಒಡೆದು, ಆಮೇಲೆ ಕೂಡಿಕೊಂಡು ಪಡಸಾಲೆಯ ತನಕ ಬಂತು. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಅಷ್ಟು ದೂರದಿಂದ ಕೇಳಿದ್ದು ಅದೇ ಮೊದಲು.

ಮೊದಲ ಕೂಗಿಗೇ ಓ ಅಂದೆ.

ಕೇಳಿಸಿತೋ ಇಲ್ಲವೋ ಎಂಬಂತೆ ಅವಳು ಇನ್ನೊಮ್ಮೆ ಕರೆದಳು.

“ಓ ಅವ್ವಾ, ಬಂದೆ” ಎಂದು ಎದ್ದು ಒಳಗೆ ಹೋದೆ.